ತಾಲ್ಲೂಕು ಪತ್ರಿಕೋದ್ಯಮ: ಕೊಪ್ಪಳ–ಯಲಬುರ್ಗಾ ಸೀಮೆ

ದಿನಪತ್ರಿಕೆ, ವಾರಪತ್ರಿಕೆ, ಸುದ್ದಿವಾಹಿನಿಗಳಿಗಾಗಿ ತಾಲ್ಲೂಕು, ಹೋಬಳಿ ಮಟ್ಟದಲ್ಲಿ ಸುದ್ದಿ ಕಲೆಹಾಕಿ ಕಳಿಸುವ ಕೆಲಸವನ್ನೂ ಅಚ್ಚಾದ ಪತ್ರಿಕೆಯನ್ನು ಮತ್ತೆ ಅದೇ ಊರುಗಳ ಮನೆಬಾಗಿಲಿಗೆ ಮುಟ್ಟಿಸುವ ಕೆಲಸವನ್ನೂ ಸೇರಿಸಿ ತಾಲ್ಲೂಕು ಪತ್ರಿಕೋದ್ಯಮ ಎನ್ನಬಹುದು. ಕನ್ನಡ ಪತ್ರಿಕೆಗಳ ಚರಿತ್ರೆ ಇದುವರೆಗೆ ಹೆಚ್ಚಾಗಿ ಸಂಪಾದಕರ ಮತ್ತು ಮಾಲೀಕರ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಜಿಲ್ಲಾ ಪುಟಗಳನ್ನು ದಿನವೂ ತುಂಬಿಸುತ್ತ ಬಂದವರು ಅದರಲ್ಲಿ ಅಡಿಟಿಪ್ಪಣಿಗೂ ಬಂದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಪತ್ರಿಕೆ ಬೆಳೆದ ಬಗೆ, ಇಂದಿನ ಅದರ ಸ್ಥಿತಿ ಮತ್ತು ಮುಂದಿನ ದಾರಿ ಈ ಲೇಖನದ ವಸ್ತು. ಕಲ್ಯಾಣ ಕರ್ನಾಟಕದ ಉಳಿದ ತಾಲ್ಲೂಕುಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ನದಿಯ ಆಚೆ ದಡದ ಅಚ್ಚು

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನಿಂದ ಬಂದಿದ್ದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ, ಮುದ್ರಣ ಕಲ್ಲಚ್ಚಿನದು. ಮರುವರ್ಷ, 1844ರಲ್ಲಿ, ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ ಮರುವರ್ಷಕ್ಕೇ ತುಂಗಭದ್ರೆಯ ಆಚೆ ದಡಕ್ಕೆ ಬಂದಿತ್ತು ಎಂದಾಯಿತು. ಈಚೆ ದಡದಲ್ಲಿ ನಿಜಾಮನ ರಾಜ್ಯ. ಕೊಪ್ಪಳ, ಯಲಬುರ್ಗಾಗಳು ಸಾಲಾರ್‌ಜಂಗ್ ಜಹಗೀರಿಗೆ ಸೇರಿದ್ದವು. ಗಂಗಾವತಿ, ಕುಷ್ಟಗಿಗಳು ನಿಜಾಮ ಸರ್ಕಾರದ ರಾಯಚೂರು ಜಿಲ್ಲೆಯಲ್ಲಿದ್ದವು. ಜಹಗೀರು, ಜಿಲ್ಲೆ ಎರಡರಲ್ಲೂ ಕಚೇರಿಯ ಭಾಷೆ ಉರ್ದು. ಸರ್ಕಾರಿ ಶಾಲೆಯಲ್ಲಿ ಮುಂದೆ ಓದಬೇಕೆಂದರೆ ಉರ್ದುವೇ ಗತಿ. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಕವಿ ಸಿದ್ಧಯ್ಯ ಪುರಾಣಿಕರ ತಲೆಮಾರು ಉರ್ದುವಿನಲ್ಲಿ ಕಲಿತು ಕನ್ನಡದಲ್ಲಿ ಬರೆಯಿತು.

ಮೈಸೂರು ಸಂಸ್ಥಾನದಲ್ಲಿ ಎಂ. ವೆಂಕಟಕೃಷ್ಣಯ್ಯನವರಂಥ ಸಂಪಾದಕರು 1908ರ ಪತ್ರಿಕಾ ನಿರ್ಬಂಧವನ್ನು ಎದುರಿಸುತ್ತಿದ್ದಾಗ, ಮುಂಬೈ ಪ್ರಾಂತದ ಧಾರವಾಡದಲ್ಲಿ 1921ರಲ್ಲಿ ‘ಕರ್ಮವೀರ’ ಹುಟ್ಟಿದಾಗ, 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಡಿ.ವಿ. ಗುಂಡಪ್ಪನವರು ಅಧ್ಯಕ್ಷರಾದಾಗ ಈ ಸೀಮೆಯಲ್ಲಿ ಹೇಳಿಕೊಳ್ಳುವಂಥ ಕನ್ನಡ ಪತ್ರಿಕೆ ಇರಲಿಲ್ಲ. ಬಾಗಲಕೋಟೆ ಕುಷ್ಟಗಿಗೆ ತೀರಾ ದೂರದ ಊರಲ್ಲ. ಆದರೆ ನಡುವೆ ರಾಜ್ಯದ ಗಡಿ. ಸುದ್ದಿ ಗದಗ, ಮುಂಡರಗಿ, ಗಜೇಂದ್ರಗಡದ ಕಡೆಯಿಂದ ಗಡಿ ದಾಟಿ ಬರಬೇಕಿತ್ತು. 1947–48ರಲ್ಲಿ ನಿಜಾಮನ ವಿರುದ್ಧ ಹೋರಾಡಿದವರ ಶಿಬಿರಗಳು ನಿಂತದ್ದೂ ಇದೇ ಮುಂಡರಗಿ, ಗಜೇಂದ್ರಗಡಗಳಲ್ಲಿ. ಅದೇ ದಿನಗಳಲ್ಲಿ ಹೈದರಾಬಾದಿನಲ್ಲಿ ನಿಜಾಮನ ಪರ ನಿಂತಿದ್ದ ರಜಾಕಾರರನ್ನು ಖಂಡಿಸಿ, ಭಾರತದೊಂದಿಗೆ ವಿಲೀನವಾಗಬೇಕೆಂದು ಬರೆದ ‘ಇಮ್ರೋಜ್’ ಉರ್ದು ದಿನಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ಕೊಲ್ಲಲಾಯಿತು. ಕಲ್ಯಾಣ ಕರ್ನಾಟಕದ ಪತ್ರಿಕಾ ಚರಿತ್ರೆ ಈ ಹೆಸರಿನಿಂದ ಶುರುವಾಗಬೇಕು. ಆದರೆ ಕನ್ನಡದಲ್ಲಿ ಬರೆದವರಲ್ಲ ಎಂಬ ಕಾರಣಕ್ಕೋ ಏನೋ, ಜುಲೈ 1ರ ಪತ್ರಿಕಾ ದಿನದ ಭಾಷಣಗಳಲ್ಲಿ ಅವರ ನೆನಪು ಬರುವುದೇ ಅಪರೂಪ.

ಹುಬ್ಬಳ್ಳಿಯ ಪತ್ರಿಕೆ, ಬೆಂಗಳೂರಿನ ಪತ್ರಿಕೆ

ನಿಜಾಮನ ಸೇನೆ ಶರಣಾದದ್ದು 1948ರ ಸೆಪ್ಟೆಂಬರ್ 17ರಂದು. ಅದಾಗಿ ಸರಿಯಾಗಿ ನಾಲ್ಕು ವಾರಕ್ಕೆ, ಅಕ್ಟೋಬರ್ 15ರಂದು, ಬೆಂಗಳೂರಿನಲ್ಲಿ ‘ಪ್ರಜಾವಾಣಿ’ ಹೊರಟಿತು. ಆದರೂ ಕೊಪ್ಪಳದ ಕಡೆ ದಶಕಗಟ್ಟಲೆ ಪತ್ರಿಕೆ ಎಂದರೆ ‘ಸಂಯುಕ್ತ ಕರ್ನಾಟಕ’. ಲೋಕಶಿಕ್ಷಣ ಟ್ರಸ್ಟ್ ಹುಬ್ಬಳ್ಳಿಯಿಂದ ನಡೆಸುತ್ತಿದ್ದ ಈ ಪತ್ರಿಕೆಯ ಭಾಷೆ, ಮಳೆಬೆಳೆಯ ಸುದ್ದಿ, ಪೇಟೆ ಧಾರಣೆ ಎಲ್ಲವೂ ಈ ಕಡೆಯವರಿಗೆ ತಮ್ಮದೇ ಎನಿಸುತ್ತಿತ್ತು. ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗ ಗದಗ, ಕೊಪ್ಪಳ, ಹೊಸಪೇಟೆಗಳ ಮೇಲೆ ಹಾದುಹೋಗುವುದೂ ಅದಕ್ಕೆ ಅನುಕೂಲವಾಯಿತು. 1954ರಲ್ಲಿ ಪಾಟೀಲ ಪುಟ್ಟಪ್ಪನವರು ಹುಬ್ಬಳ್ಳಿಯಲ್ಲಿ ಆರಂಭಿಸಿದ ‘ಪ್ರಪಂಚ’ ವಾರಪತ್ರಿಕೆಯೂ ಏಕೀಕರಣದ ಕಾವಿನಲ್ಲಿ ಈ ಭಾಗದ ಓದುಗರನ್ನು ಗಳಿಸಿಕೊಂಡಿತು.

ಯಲಬುರ್ಗಾ ಮತ್ತು ಕುಷ್ಟಗಿಗೆ ರೈಲು ಇರಲಿಲ್ಲ. ಪತ್ರಿಕೆಯ ಕಟ್ಟು ಬಸ್ಸಿನ ಟಾಪಿನ ಮೇಲೆಯೇ ಬರಬೇಕು. ಬೆಂಗಳೂರಿನ ಪತ್ರಿಕೆಗಳ ಡಾಕ್ ಆವೃತ್ತಿ, ಎಂದರೆ ದೂರದ ಊರುಗಳಿಗಾಗಿ ಹಿಂದಿನ ಸಂಜೆಯೇ ಅಚ್ಚಾಗುವ ಸಂಚಿಕೆ, ಇಲ್ಲಿ ಕೈಸೇರುವಾಗ ಅದರ ಸುದ್ದಿಯನ್ನು ಆಕಾಶವಾಣಿಯ ಪ್ರದೇಶ ಸಮಾಚಾರ ಹೇಳಿ ಮುಗಿಸಿರುತ್ತಿತ್ತು. ಧಾರವಾಡ ಕೇಂದ್ರ 1950ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ ಶುರುವಾಗಿದ್ದವು. ಹುಬ್ಬಳ್ಳಿಯಿಂದ ಯಲಬುರ್ಗಾ ಮೇಲೆ ಕುಷ್ಟಗಿಗೆ ರೈಲು ಓಡಿದ್ದು 2025ರ ಮೇ ತಿಂಗಳಲ್ಲಿ. ಹಳಿ ಬಂದು ಸೇರುವಷ್ಟರಲ್ಲಿ ಅಚ್ಚಿನ ಪತ್ರಿಕೆಯೇ ಎಷ್ಟು ದಿನ ಎಂಬ ಮಾತು ಶುರುವಾಗಿತ್ತು.

ಸುದ್ದಿ ಇಲ್ಲಿಂದ ಹೊರಗೆ ಹೋಗುತ್ತಿದ್ದದ್ದೂ ಅದೇ ಬಸ್ಸಿನಲ್ಲಿ. ವರದಿಗಾರ ಮಧ್ಯಾಹ್ನದೊಳಗೆ ಕಾಗದದ ಒಂದೇ ಮಗ್ಗುಲಲ್ಲಿ ಅಗಲ ಅಂಚು ಬಿಟ್ಟು ಬರೆದು, ಲಕೋಟೆಯ ಮೇಲೆ ಪತ್ರಿಕೆಯ ಹೆಸರು ದಪ್ಪಗೆ ಗೀಚಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗಿಡುತ್ತಿದ್ದ. ಅಲ್ಲಿ ಪತ್ರಿಕೆಯ ಆಳು ಬಸ್‌ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುತ್ತಿದ್ದ. ಫೋಟೊ ಇದ್ದರೆ ತೊಳೆಯದ ರೀಲು ಹಾಗೇ ಹೋಗುತ್ತಿತ್ತು. ಅವಸರದ ಸುದ್ದಿಗೆ ತಾರು, ಆಮೇಲೆ ಫ್ಯಾಕ್ಸ್. ಬಸ್ಸು ತಪ್ಪಿದರೆ ಸುದ್ದಿಗೆ ಒಂದು ದಿನ ವಯಸ್ಸಾಗುತ್ತಿತ್ತು, ಅದನ್ನು ಯಾರೂ ದೊಡ್ಡ ದೋಷವೆಂದು ಎಣಿಸುತ್ತಲೂ ಇರಲಿಲ್ಲ. ಲಕೋಟೆ ಕಟ್ಟುವ ಮುಂಚೆ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳಲು ಆ ನಿಧಾನ ಸಮಯ ಕೊಡುತ್ತಿತ್ತು ಎಂಬುದನ್ನು ಈಗಿನ ಅವಸರದಲ್ಲಿ ಕುಳಿತು ನೋಡಿದಾಗ ಒಪ್ಪಬೇಕಾಗುತ್ತದೆ.

ಈ ನಡುವೆ ಕನ್ನಡದಲ್ಲಿ ಎರಡು ಬಗೆಯ ಪ್ರಯೋಗಗಳು ನಡೆದವು. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತು ತೆಗೆದುಕೊಳ್ಳದೆ ಓದುಗರ ಕಾಸಿನಲ್ಲೇ ನಡೆಯಿತು. 1984ರಲ್ಲಿ ಮಂಗಳೂರಿನಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಕಟ್ಟಿದ ‘ಮುಂಗಾರು’ ದಿನಪತ್ರಿಕೆ ದಲಿತ, ಹಿಂದುಳಿದ ಸಮುದಾಯಗಳ ಹುಡುಗರನ್ನು ವರದಿಗಾರರನ್ನಾಗಿ ತಯಾರು ಮಾಡಿತು, ಆದರೆ ಬಹುಕಾಲ ಬಾಳಲಿಲ್ಲ. ಲಂಕೇಶರ ವಾರಪತ್ರಿಕೆಯ ಪ್ರಭಾವದಲ್ಲಿ ಜಿಲ್ಲೆಜಿಲ್ಲೆಗಳಲ್ಲಿ ಟ್ಯಾಬ್ಲಾಯ್ಡ್‌ಗಳು ಹುಟ್ಟಿಕೊಂಡವು. ಅವುಗಳಲ್ಲಿ ಒಳ್ಳೆಯವೂ ಇದ್ದವು. ಸುದ್ದಿ ಅಚ್ಚು ಮಾಡುವುದಕ್ಕಿಂತ ಅಚ್ಚು ಮಾಡದಿರುವುದಕ್ಕೇ ದುಡ್ಡು ಕೇಳಿದವೂ ಇದ್ದವು. ತಾಲ್ಲೂಕಿನ ಅಧಿಕಾರಿಗಳಲ್ಲಿ ಪತ್ರಕರ್ತ ಎಂದರೆ ಹೆದರಿಕೆ ಮತ್ತು ತಾತ್ಸಾರ ಎರಡೂ ಒಟ್ಟಿಗೆ ಬೆಳೆದದ್ದು ಆಗಿನಿಂದ.

ಜಿಲ್ಲಾ ಪುಟದ ಕಾಲ

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಎರಡು ವರ್ಷಕ್ಕೆ, 1999ರಲ್ಲಿ, ವಿಜಯ ಸಂಕೇಶ್ವರರ ‘ವಿಜಯ ಕರ್ನಾಟಕ’ ಹೊರಟಿತು. ಸಾರಿಗೆ ಉದ್ಯಮಿಯೊಬ್ಬರು ಪತ್ರಿಕೆ ತೆಗೆದರೆ ಏನಾಗುತ್ತದೆ ಎಂಬುದನ್ನು ಕನ್ನಡ ನೋಡಿತು: ಕಡಿಮೆ ದರ, ಹಲವು ಊರುಗಳಲ್ಲಿ ಮುದ್ರಣ, ಬೆಳಗಾಗುವ ಮುಂಚೆ ತಾಲ್ಲೂಕು ಕೇಂದ್ರಕ್ಕೆ ಕಟ್ಟು, ಪ್ರತಿ ಜಿಲ್ಲೆಗೂ ಅದರದೇ ಪುಟಗಳು. ಉಳಿದ ಪತ್ರಿಕೆಗಳೂ ಅದೇ ದಾರಿ ಹಿಡಿಯದೆ ಗತ್ಯಂತರವಿರಲಿಲ್ಲ. 2006ರಲ್ಲಿ ‘ವಿಜಯ ಕರ್ನಾಟಕ’ ಟೈಮ್ಸ್ ಸಮೂಹದ ಪಾಲಾಯಿತು. 2012ರಲ್ಲಿ ಸಂಕೇಶ್ವರರು ‘ವಿಜಯವಾಣಿ’ಯೊಂದಿಗೆ ಮರಳಿದಾಗ ಗಂಗಾವತಿಯೇ ಒಂದು ಆವೃತ್ತಿಯ ಕೇಂದ್ರವಾಯಿತು. ಭತ್ತದ ಪೇಟೆ, ಅಕ್ಕಿ ಗಿರಣಿ, ನೀರಾವರಿಯ ದುಡ್ಡು ಇರುವ ಗಂಗಾವತಿಗೆ ಮುದ್ರಣ ಬಂತು, ಒಣಬೇಸಾಯದ ಯಲಬುರ್ಗಾಕ್ಕೆ ಬರಲಿಲ್ಲ. ಜಾಹೀರಾತು ಎಲ್ಲಿದೆಯೋ ಅಚ್ಚು ಅಲ್ಲಿ. ಇವುಗಳ ಪಕ್ಕದಲ್ಲಿ ರಾಯಚೂರಿನ ‘ಸುದ್ದಿಮೂಲ’ದಂಥ ಪ್ರಾದೇಶಿಕ ದಿನಪತ್ರಿಕೆಗಳೂ ತಮ್ಮ ಪಾಲಿನ ಓದುಗರನ್ನು ಉಳಿಸಿಕೊಂಡಿವೆ.

ಜಿಲ್ಲಾ ಪುಟ ತಂದದ್ದು ನಿಜವಾದ ಬದಲಾವಣೆ. ಅದುವರೆಗೆ ಯಲಬುರ್ಗಾದ ಹೆಸರು ಪತ್ರಿಕೆಯಲ್ಲಿ ಬರಬೇಕಾದರೆ ಬರ ಬೀಳಬೇಕಿತ್ತು ಅಥವಾ ಬಸ್ಸು ಉರುಳಬೇಕಿತ್ತು. ಈಗ ಬೋರ್‌ವೆಲ್ ಕೆಟ್ಟದ್ದು, ಶಾಲೆಯ ಚಾವಣಿ ಸೋರಿದ್ದು, ನರೇಗಾ ಕೂಲಿ ಬಾರದ್ದು ಸುದ್ದಿಯಾಯಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೆಳಿಗ್ಗೆ ಮೊದಲು ಆ ಪುಟ ತಿರುವುವಂತಾಯಿತು. ಆದರೆ ಇದೇ ಜಿಲ್ಲಾ ಪುಟ ಒಂದು ಗೋಡೆಯೂ ಆಯಿತು. ಕುಷ್ಟಗಿಯ ಸುದ್ದಿ ಕೊಪ್ಪಳ ಜಿಲ್ಲೆಯ ಆಚೆಗೆ ಅಚ್ಚೇ ಆಗುವುದಿಲ್ಲ. ಪಕ್ಕದ ಬಾಗಲಕೋಟೆಯ ಇಳಕಲ್ಲಿನವರಿಗೂ ಅದು ಕಾಣುವುದಿಲ್ಲ. ಬೆಂಗಳೂರಿನ ವಿಧಾನಸೌಧದಲ್ಲಿ ಕುಳಿತವರಿಗಂತೂ ಕಾಣುವ ಮಾತೇ ಇಲ್ಲ.

ತಾಲ್ಲೂಕು ವರದಿಗಾರ

ತಾಲ್ಲೂಕು ವರದಿಗಾರನನ್ನು ಅರೆಕಾಲಿಕ ವರದಿಗಾರ, ಬಿಡಿಸುದ್ದಿಗಾರ, ಸ್ಟ್ರಿಂಗರ್ ಎಂದೆಲ್ಲ ಕರೆಯುತ್ತಾರೆ. ಕೆಲಸ ಮಾತ್ರ ಪೂರ್ಣಕಾಲದ್ದು. ಹೆಚ್ಚಿನವರಿಗೆ ಇನ್ನೊಂದು ಜೀವನೋಪಾಯ ಇರುತ್ತದೆ: ಹೊಲ, ಝೆರಾಕ್ಸ್ ಅಂಗಡಿ, ಖಾಸಗಿ ಶಾಲೆಯ ಪಾಠ, ಎಲ್‌ಐಸಿ ಏಜೆನ್ಸಿ. ಪತ್ರಿಕೆಯಿಂದ ಬರುವುದು ಗೌರವಧನ, ಅದೂ ಎಲ್ಲರಿಗೂ ಇಲ್ಲ. ಅನೇಕ ಕಡೆ ಏಜೆಂಟನೇ ವರದಿಗಾರ: ನಸುಕಿನಲ್ಲಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಕಟ್ಟಿನ ದಾರ ಹರಿದು, ಪುರವಣಿ ಸೇರಿಸಿ, ಹಂಚುವ ಹುಡುಗರಿಗೆ ಎಣಿಸಿ ಕೊಡುತ್ತಾನೆ, ಹನ್ನೊಂದರ ಹೊತ್ತಿಗೆ ತಹಶೀಲ್ದಾರ್ ಕಚೇರಿಯ ಮುಂದಿನ ಧರಣಿಯ ಫೋಟೊ ತೆಗೆಯುತ್ತಾನೆ, ಸಂಜೆ ಚಂದಾ ವಸೂಲಿಗೆ ತಿರುಗುತ್ತಾನೆ.

ಅವನ ನಿಜವಾದ ಗಳಿಕೆ ಜಾಹೀರಾತಿನ ಕಮಿಷನ್. ಆಗಸ್ಟ್ 15, ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17, ನವೆಂಬರ್ 1, ದೀಪಾವಳಿ, ಪುಷ್ಯದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಯುಗಾದಿ, ನಡುನಡುವೆ ನಾಯಕರ ಹುಟ್ಟುಹಬ್ಬ. ಇದು ಪುರವಣಿಗಳ ಪಂಚಾಂಗ. ಒಂದು ಶುಭಾಶಯದ ಜಾಹೀರಾತು ಜೋಡಿಸುವುದು ಸಣ್ಣ ರಾಜಕಾರಣವಲ್ಲ. ನಡುವೆ ದೊಡ್ಡ ನಾಯಕರ ಭಾವಚಿತ್ರ, ಕೆಳಗಿನ ಸಾಲಿನಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳು; ಯಾರು ಮೊದಲು, ಯಾರು ಆಮೇಲೆ, ಯಾರ ಪಟ ಕಾಲಿಂಚು ಚಿಕ್ಕದು ಎಂಬುದರ ಮೇಲೆ ಮುನಿಸು. ಪ್ರಕಟವಾದ ಮೇಲೆ ಬಿಲ್ಲಿನ ಹಣಕ್ಕೆ ತಿಂಗಳುಗಟ್ಟಲೆ ಅಲೆದಾಟ. ಕೊಟ್ಟವರು ಕೈಯೆತ್ತಿದರೆ ಬಾಕಿ ಅವನ ತಲೆಗೆ. ಈ ಯಾದಿಯಲ್ಲಿರುವವರು ಯಾರು? ಗುತ್ತಿಗೆದಾರರು, ಗ್ರಾಮ ಪಂಚಾಯಿತಿ ಅಧ್ಯಕ್ಷರು, ಪಟ್ಟಣ ಪಂಚಾಯಿತಿ ಸದಸ್ಯರು, ಶಿಕ್ಷಣ ಸಂಸ್ಥೆಗಳ ಮಾಲೀಕರು. ಅವನು ವರದಿ ಮಾಡಬೇಕಾದವರೂ ಇವರೇ. ರಸ್ತೆಗೆ ಹಾಕಿದ ಡಾಂಬರು ಮೊದಲ ಮಳೆಗೆ ಎದ್ದುಹೋದ ಸುದ್ದಿಯನ್ನು ಅದೇ ಗುತ್ತಿಗೆದಾರನ ದೀಪಾವಳಿ ಬಿಲ್ಲು ಬಾಕಿ ಇರುವಾಗ ಹೇಗೆ ಬರೆಯುವುದು?

ಕಾಸಿಗಾಗಿ ಸುದ್ದಿ ಎಂಬ ರೋಗದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ವರದಿ ಕೊಟ್ಟಿತು. ಚುನಾವಣೆ ಬಂದಾಗ ಜಿಲ್ಲಾಮಟ್ಟದ ಸಮಿತಿಗಳು ಇಂಥ ಸುದ್ದಿಯ ಮೇಲೆ ಕಣ್ಣಿಡುತ್ತವೆ. ಅವುಗಳ ಗಮನ ಚುನಾವಣೆಯ ವಾರಗಳಿಗೆ ಸೀಮಿತ. ತಾಲ್ಲೂಕಿನ ಸುದ್ದಿ ಸಿಕ್ಕಿಹಾಕಿಕೊಂಡಿರುವುದು ವರ್ಷವಿಡೀ ನಡೆಯುವ ಈ ಸಣ್ಣ ಲೆಕ್ಕದಲ್ಲಿ. ಇದನ್ನು ವ್ಯಕ್ತಿಯ ಭ್ರಷ್ಟತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಬರೆಯುವವನಿಂದಲೇ ಜಾಹೀರಾತು ತರಿಸುವ ಪದ್ಧತಿಯನ್ನು ಮಾಡಿದವರು ಪತ್ರಿಕೆಯ ಆಡಳಿತದವರು. ಅಚ್ಚುಮೊಳೆ ಹೋಗಿ ಆಫ್‌ಸೆಟ್ ಬಂತು, ಆಫ್‌ಸೆಟ್ಟಿಗೆ ಬಣ್ಣ ಬಂತು, ಮೊಬೈಲಿನಲ್ಲೇ ಯೂನಿಕೋಡ್ ಟೈಪಿಂಗ್ ಬಂತು. ಈ ಪದ್ಧತಿ ಮಾತ್ರ ಅಲುಗಲಿಲ್ಲ.

ಈ ವೃತ್ತಿಯಲ್ಲಿ ತಾಲ್ಲೂಕು ಮಟ್ಟದ ಹೆಣ್ಣುಮಕ್ಕಳು ಬೆರಳೆಣಿಕೆಗೂ ಸಿಗುವುದು ಕಷ್ಟ. ರಾತ್ರಿ ಹೊತ್ತಿನ ಓಡಾಟ, ಬೈಕ್, ಕಮಿಷನ್ನಿನ ಬದುಕು ಎಂದು ಕಾರಣ ಹೇಳುತ್ತಾರೆ. ಆಶಾ ಕಾರ್ಯಕರ್ತೆಯರೂ ಅಂಗನವಾಡಿ ಶಿಕ್ಷಕಿಯರೂ ಇದೇ ಹಳ್ಳಿಗಳಲ್ಲಿ ತಿರುಗುವುದನ್ನು ನೋಡಿದರೆ ಆ ಕಾರಣ ಅರ್ಧ ಸತ್ಯ. ಮಾಸಿಕ ಸಂಬಳ ಇಲ್ಲದಿರುವುದೇ ಉಳಿದರ್ಧ.

ಮೊಬೈಲು ಬಂದ ಮೇಲೆ

ಉದಯ ಟಿ.ವಿ. 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ, ದಿನವಿಡೀ ಸುದ್ದಿಯ ಟಿವಿ9 2006ರಲ್ಲಿ ಬಂದವು. ವಾಹಿನಿಗಳಿಗೆ ಯಲಬುರ್ಗಾ ಬೇಕಾಗುವುದು ದೃಶ್ಯ ಇದ್ದಾಗ ಮಾತ್ರ, ಆದ್ದರಿಂದ ಆ ಕಥೆ ಇಲ್ಲಿ ದೀರ್ಘವಾಗಿ ಬೇಡ. ತಾಲ್ಲೂಕನ್ನು ನಿಜವಾಗಿ ಕದಲಿಸಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ನಂತರದ ಅಗ್ಗದ ಡೇಟಾ. ಆಮೇಲೆ 2020ರ ಲಾಕ್‌ಡೌನ್. ಪತ್ರಿಕೆ ಮುಟ್ಟಿದರೆ ಸೋಂಕು ತಗಲುತ್ತದೆ ಎಂಬ ಭಯದಲ್ಲಿ ಬಿಟ್ಟವರಲ್ಲಿ ಅನೇಕರು ಮರಳಿ ಹಾಕಿಸಿಕೊಳ್ಳಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧದ ಕಾಲಕ್ಕೆ ಮುದ್ರಣ ಕಾಗದದ ಬೆಲೆ ಏರಿ ಪುಟಗಳು ಕಡಿಮೆಯಾದವು. ಮೊದಲು ಕತ್ತರಿ ಬಿದ್ದದ್ದು ಜಿಲ್ಲಾ ಪುಟಗಳಿಗೆ.

ಇಂದು ಪ್ರತಿ ತಾಲ್ಲೂಕಿನಲ್ಲೂ ಯೂಟ್ಯೂಬ್ ವಾಹಿನಿ, ಫೇಸ್‌ಬುಕ್ ಪುಟ, ವಾಟ್ಸ್‌ಆ್ಯಪ್ ಗುಂಪು ಇವೆ. ಒಂದು ಮೈಕು, ಅದಕ್ಕೊಂದು ಲೋಗೊ, ಕುತ್ತಿಗೆಗೆ ಗುರುತಿನ ಚೀಟಿ. ಒಂದು ಸುದ್ದಿಗೋಷ್ಠಿಯಲ್ಲಿ ಮೇಜಿನ ಮೇಲೆ ನೀರಿನ ಲೋಟಕ್ಕೂ ಜಾಗವಿರದಷ್ಟು ಮೈಕುಗಳು ಇರುತ್ತವೆ, ಪ್ರಶ್ನೆ ಮಾತ್ರ ಎರಡೋ ಮೂರೋ. ಇಲಾಖೆಯ ಪ್ರೆಸ್ ನೋಟ್ ಪಿಡಿಎಫ್ ಆಗಿ ಗುಂಪಿಗೆ ಬೀಳುತ್ತದೆ, ಮರುದಿನ ನಾಲ್ಕು ಪತ್ರಿಕೆಗಳಲ್ಲಿ ಅದೇ ವಾಕ್ಯ, ಅದೇ ತಪ್ಪು ಕಾಗುಣಿತ. ಹಿಂದೆ ಬಸ್ಸಿನ ಲಕೋಟೆಗೆ ಬರೆಯುವಾಗ ಕನಿಷ್ಠ ನಾಲ್ವರೂ ಬೇರೆ ಬೇರೆ ಬರೆಯುತ್ತಿದ್ದರು.

ಹಾಗೆಂದು ಈ ಹೊಸಬರನ್ನು ತಳ್ಳಿಹಾಕುವಂತಿಲ್ಲ. ತಾಂಡಾಗಳಿಂದ, ದಲಿತ ಕೇರಿಗಳಿಂದ ನೇರವಾಗಿ ಮಾತಾಡುವ ಹುಡುಗರು ಕ್ಯಾಮೆರಾ ಹಿಡಿದದ್ದು ಈಗಲೇ. ಬೆಂಗಳೂರಿನಲ್ಲಿ ‘ದಿ ಫೈಲ್’ನಂಥ ಜಾಲತಾಣ ಸರ್ಕಾರಿ ಕಡತಗಳನ್ನು ಅಗೆದು ತನಿಖಾ ವರದಿ ಕೊಡುತ್ತಿದೆ, ‘ಈದಿನ’ ಓದುಗರ ನೆರವಿನಲ್ಲಿ ನಡೆಯುವ ಪ್ರಯತ್ನ ಮಾಡುತ್ತಿದೆ. ಇನ್ನೊಂದು ತುದಿಯಲ್ಲಿ 2023ರ ಜುಲೈನಲ್ಲಿ ಪವರ್ ಟಿ.ವಿ. ‘ಸೌಂದರ್ಯ’ ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ತೆರೆಗೆ ತಂದಿತು. ಯಂತ್ರ ಸುದ್ದಿ ಓದಬಲ್ಲದು, ಪ್ರೆಸ್ ನೋಟನ್ನು ಚಂದವಾಗಿ ತಿದ್ದಿ ಬರೆಯಬಲ್ಲದು. ತಾಲ್ಲೂಕು ಪಂಚಾಯಿತಿಯ ಸಭೆಯಲ್ಲಿ ಯಾರು ಎದ್ದು ಹೋದರು, ಯಾಕೆ ಹೋದರು ಎಂದು ನೋಡಲು ಅಲ್ಲಿ ಒಬ್ಬರು ಕೂತಿರಲೇಬೇಕು.

ಈ ಸೀಮೆಯ ಮೂರು ಸುದ್ದಿಗಳು

2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಿನಿಮಾ ಟಿಕೆಟ್ಟಿನ ಜಗಳ ನೆಪ. ಹತ್ತು ವರ್ಷ ಕಳೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿದಾಗ ದೇಶದ ಪತ್ರಿಕೆಗಳೆಲ್ಲ ಮರಕುಂಬಿಯತ್ತ ಓಡಿಬಂದವು. ಮರುತಿಂಗಳು ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ನೀಡಿತು. ತೀರ್ಪಿನ ದಿನ ಸುದ್ದಿ. ನಡುವಿನ ಹತ್ತು ವರ್ಷ ಸಾಕ್ಷಿಗಳು ಹೇಗೆ ಬದುಕಿದರು, ಆ ಕೇರಿಗೆ ಏನಾಯಿತು ಎಂಬುದನ್ನು ಬೆನ್ನುಹತ್ತಿ ಬರೆಯುವ ಶಕ್ತಿ ಯಾವ ಪತ್ರಿಕೆಯ ಜಿಲ್ಲಾ ಬ್ಯೂರೋಗೂ ಇರಲಿಲ್ಲ.

2021ರ ಸೆಪ್ಟೆಂಬರ್ ಮೊದಲ ವಾರ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಹನುಮಪ್ಪನ ಗುಡಿಯೊಳಗೆ ಕಾಲಿಟ್ಟಿತೆಂದು ಮನೆಯವರಿಗೆ ದಂಡ ಹೇರಿದ ಪ್ರಕರಣ ಹೊರಗೆ ಗೊತ್ತಾಗಲು ಎರಡು ವಾರ ಬೇಕಾಯಿತು. ಹೊರಬಿದ್ದ ಮೇಲೆ ಬಂಧನ, ಅಧಿಕಾರಿಗಳ ಭೇಟಿ, ಜಾಗೃತಿ ಸಭೆ ಎಲ್ಲ ಸರಸರ ನಡೆದವು. ಸುದ್ದಿಯಾದರೆ ಆಡಳಿತ ಅಲುಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಬೆಳಗಾಗುವುದರೊಳಗೆ ನೀರು ನುಗ್ಗುವ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ಗೇಟು ಹೋಗುವುದು ಬೇರೆ, ಅಣೆಕಟ್ಟೆ ಒಡೆಯುವುದು ಬೇರೆ. ಎಷ್ಟು ನೀರು ಖಾಲಿ ಮಾಡಿದರೆ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಬಹುದು, ಎರಡನೇ ಬೆಳೆಯ ಗತಿಯೇನು ಎಂಬುದನ್ನು ವಿಡಿಯೊ ಹೇಳುವುದಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸುವವರೆಗೆ ಮುನಿರಾಬಾದ್, ಹೊಸಪೇಟೆಗಳಲ್ಲಿ ಠಿಕಾಣಿ ಹೂಡಿ ದಿನದಿನದ ಒಳಹರಿವು, ಹೊರಹರಿವು ಕೇಳಿ ಬರೆದವರು ಸ್ಥಳೀಯ ವರದಿಗಾರರು. ಗಂಗಾವತಿ, ಕಾರಟಗಿಯ ಭತ್ತದ ರೈತ ಆ ವಾರ ಮತ್ತೆ ಪತ್ರಿಕೆ ಕೊಂಡು ಓದಿದ.

ಇವುಗಳ ಜೊತೆಗೆ, ಕೊಪ್ಪಳಕ್ಕೆ ಅಂಟಿಕೊಂಡಂತೆ ಬಲ್ಡೋಟ ಸಮೂಹದ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ರಂದು ಗವಿಮಠದ ಸ್ವಾಮೀಜಿ ಸಮೇತ ಊರಿಗೆ ಊರೇ ಬೀದಿಗಿಳಿದ ಬಂದ್ ಅನ್ನೂ ನೆನೆಯಬೇಕು. ಕಾರ್ಖಾನೆಯ ಧೂಳು ಬೆಳೆಯ ಮೇಲೆ ಎಷ್ಟು ಕೂರುತ್ತದೆ, ನೀರು ಎಷ್ಟು ಹೋಗುತ್ತದೆ ಎಂದು ಅಳೆದು ಬರೆಯುವ ಪರಿಸರ ವರದಿಗಾರಿಕೆ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕಿದೆ. ಈಗ ಬರುತ್ತಿರುವುದು ಎರಡೂ ಕಡೆಯ ಹೇಳಿಕೆಗಳು.

ಕಾನೂನು, ಸಂಘ, ಸವಲತ್ತು

1867ರ ಮುದ್ರಣಾಲಯ ಕಾಯ್ದೆಯ ಜಾಗಕ್ಕೆ ಬಂದ 2023ರ ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಪತ್ರಿಕೆಯ ಶೀರ್ಷಿಕೆ ಪಡೆಯುವುದು ಆನ್‌ಲೈನ್‌ನಲ್ಲಿ ಸಲೀಸಾಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ತಾಲ್ಲೂಕು ಪತ್ರಕರ್ತನ ಕೈಯ ದೊಡ್ಡ ಅಸ್ತ್ರವಾಗಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಅದರ ವೈಯಕ್ತಿಕ ಮಾಹಿತಿಯ ಕಲಮನ್ನು ಬಿಗಿಮಾಡಿದ್ದರಿಂದ ಫಲಾನುಭವಿಗಳ ಪಟ್ಟಿ, ಹಾಜರಿ ಪಟ್ಟಿಗಳನ್ನು ಪಡೆಯುವುದೇ ಕಠಿಣವಾಗಬಹುದೆಂಬ ಆತಂಕವಿದೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಗುಂಡಿಕ್ಕಿ ಕೊಲ್ಲಲಾಯಿತು. ತಾಲ್ಲೂಕಿನಲ್ಲಿ ಗುಂಡು ಹಾರುವುದು ಅಪರೂಪ. ಅಲ್ಲಿ ನಡೆಯುವುದು ಮಾನನಷ್ಟದ ನೋಟಿಸು, ಸುಳ್ಳು ದೂರು, ಮನೆಯ ಮುಂದೆ ನಿಲ್ಲುವ ನಾಲ್ಕು ಬೈಕುಗಳು. ನಿನ್ನೆ ಬರೆದವನು ಇಂದು ಅದೇ ಬೀದಿಯಲ್ಲಿ ಹಾಲು ತರಲು ಹೋಗಬೇಕು. ‘ವಿಶ್ವ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕ’ 2025ರಲ್ಲಿ ಭಾರತಕ್ಕೆ 151ನೇ ಸ್ಥಾನ ಕೊಟ್ಟಿತು.

1932ರಷ್ಟು ಹಳೆಯದಾದ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘಕ್ಕೆ ಜಿಲ್ಲೆ, ತಾಲ್ಲೂಕುಗಳಲ್ಲಿ ಶಾಖೆಗಳಿವೆ. ಸಂಘ ಪತ್ರಿಕಾ ದಿನ ಆಚರಿಸುತ್ತದೆ, ನಿವೇಶನ ಕೇಳುತ್ತದೆ, ಪತ್ರಿಕಾ ಭವನ ಕೇಳುತ್ತದೆ. ಪತ್ರಿಕೆಯ ಮಾಲೀಕರನ್ನು ಸಂಬಳ ಕೇಳುವ ದನಿ ಮಾತ್ರ ಕ್ಷೀಣ. 2024–25ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಘೋಷಿಸಿತು. ಒಳ್ಳೆಯದೇ. ಆದರೆ ಪಾಸಿನ ಅರ್ಜಿ ಹಾಕುವಾಗ ತಾನು ಪತ್ರಕರ್ತ ಎಂಬುದಕ್ಕೆ ಸಂಸ್ಥೆಯ ಕಾಗದ ತರಬೇಕು, ವರ್ಷಗಟ್ಟಲೆ ಬರೆದರೂ ಅಂಥ ಒಂದು ಕಾಗದ ಇಲ್ಲದವರೇ ಇಲ್ಲಿ ಹೆಚ್ಚು.

ಯುರೋಪಿನಿಂದ ಕಲಿಯಬಹುದಾದ್ದು

ಮೋಗ್ಲಿಂಗ್ ಬಂದ ಖಂಡದಲ್ಲೂ ಅಚ್ಚು ಹಿಂದೆ ಸರಿಯುತ್ತಿದೆ. ಬ್ರಿಟನ್ನಿನ ‘ಇಂಡಿಪೆಂಡೆಂಟ್’ 2016ರಲ್ಲಿ ಮುದ್ರಣ ನಿಲ್ಲಿಸಿ ಜಾಲತಾಣವಾಯಿತು. 1703ರಲ್ಲಿ ಹುಟ್ಟಿದ ವಿಯೆನ್ನಾದ ‘ವೀನರ್ ಜೈಟುಂಗ್’ 2023ರ ಜೂನ್ 30ರಂದು ದಿನಪತ್ರಿಕೆಯಾಗಿ ಕೊನೆಯ ಬಾರಿ ಅಚ್ಚಾಯಿತು. ಮಾಲ್ಟಾದಲ್ಲಿ ಪತ್ರಕರ್ತೆ ಡಾಫ್ನೆ ಕರೂವಾನಾ ಗಲಿಜಿಯಾ ಕಾರ್ ಬಾಂಬಿಗೆ ಬಲಿಯಾದದ್ದು ಗೌರಿ ಹತ್ಯೆಯ ಮರುತಿಂಗಳು, 2017ರ ಅಕ್ಟೋಬರ್ 16ರಂದು. ಬಾಯಿ ಮುಚ್ಚಿಸಲು ಹೂಡುವ ಮೊಕದ್ದಮೆಗಳ ವಿರುದ್ಧ 2024ರಲ್ಲಿ ಐರೋಪ್ಯ ಒಕ್ಕೂಟ ಹೊರಡಿಸಿದ ನಿರ್ದೇಶನಕ್ಕೆ ಆಕೆಯ ಹೆಸರೇ ಬಿದ್ದಿದೆ. ಒಕ್ಕೂಟದ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆ 2025ರ ಆಗಸ್ಟ್‌ನಿಂದ ಬಹುಮಟ್ಟಿಗೆ ಜಾರಿಯಲ್ಲಿದೆ. ಪತ್ರಿಕೆಯ ನಿಜವಾದ ಮಾಲೀಕರು ಯಾರು, ಸರ್ಕಾರಿ ಜಾಹೀರಾತು ಯಾರಿಗೆ ಎಷ್ಟು ಹೋಯಿತು ಎಂಬುದನ್ನು ಬಹಿರಂಗಪಡಿಸಬೇಕೆಂದು ಅದು ಹೇಳುತ್ತದೆ. ನಾರ್ವೆ 1969ರಿಂದ, ಸ್ವೀಡನ್ 1971ರಿಂದ ಸಣ್ಣ ಪತ್ರಿಕೆಗಳಿಗೆ ನಿಯಮ ಹಾಕಿ ಸಾರ್ವಜನಿಕ ಹಣದ ನೆರವು ಕೊಡುತ್ತ ಬಂದಿವೆ.

ಇವೆಲ್ಲಕ್ಕಿಂತ ನಮ್ಮ ತಾಲ್ಲೂಕಿಗೆ ಹೊಂದುವುದು ಬ್ರಿಟನ್ನಿನ ಒಂದು ಸರಳ ಏರ್ಪಾಟು. ಸ್ಥಳೀಯ ಆಡಳಿತದ ಸಭೆಗಳಿಗೆ ಹೋಗುವ ವರದಿಗಾರರೇ ಇಲ್ಲದಂತಾದಾಗ ಬಿಬಿಸಿ ತನ್ನ ಪರವಾನಗಿ ಶುಲ್ಕದ ಹಣದಿಂದ ಊರೂರಿನ ಪತ್ರಿಕೆಗಳಲ್ಲಿ ಅಂಥ ವರದಿಗಾರರ ಸಂಬಳ ಕೊಡತೊಡಗಿತು. ಅವರು ಬರೆದದ್ದನ್ನು ಯೋಜನೆಯಲ್ಲಿ ಸೇರಿದ ಎಲ್ಲ ಮಾಧ್ಯಮಗಳೂ ಬಳಸಬಹುದು. ವರದಿಗಾರ ಜಾಹೀರಾತು ಕೇಳುವಂತಿಲ್ಲ, ಕೇಳುವ ಅಗತ್ಯವೂ ಇಲ್ಲ.

ಮುಂದೆ

ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ ಸುಮಾರು 13.9 ಲಕ್ಷ. ಓದಲು ಬಲ್ಲವರು ಹೆಚ್ಚುತ್ತಿದ್ದಾರೆ. 2023ರಲ್ಲಿ ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೂ ಬಂದಿದೆ. ಓದುಗರ ಕೊರತೆಯಿಂದ ಇಲ್ಲಿ ಪತ್ರಿಕೆ ಸಾಯುವುದಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಅಚ್ಚಿನ ಕಟ್ಟು ತಾಲ್ಲೂಕು ಕೇಂದ್ರಕ್ಕೆ ಬರುವುದು ನಿಂತರೂ ಆಶ್ಚರ್ಯವಿಲ್ಲ. ಸುದ್ದಿ ಮೊಬೈಲಿನಲ್ಲಿ ಬರುತ್ತದೆ. ಆ ಸುದ್ದಿ ಪ್ರೆಸ್ ನೋಟಿನದೋ, ಸಭೆಯಲ್ಲಿ ಕೂತು ಕೇಳಿ ಬಂದವರದೋ ಎಂಬುದಷ್ಟೇ ಪ್ರಶ್ನೆ. ರಾಜ್ಯ ಸರ್ಕಾರ 2024ರಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದಿದೆ. ಆ ಹಣ ನೋಟಗಳ ಸಂಖ್ಯೆ ನೋಡಿ ಹಂಚಿಕೆಯಾದರೆ ಗದ್ದಲದ ವಿಡಿಯೊಗಳಿಗೆ ಹೋಗುತ್ತದೆ. ಸಂಬಳದ ಚೀಟಿ ತೋರಿಸಿದ ಸಂಸ್ಥೆಗೆ ಮಾತ್ರ ಎಂದು ಷರತ್ತು ಹಾಕಿದರೆ ತಾಲ್ಲೂಕಿಗೊಬ್ಬ ವರದಿಗಾರ ಉಳಿಯುತ್ತಾನೆ. ಕರ್ನಾಟಕ ಮಾಧ್ಯಮ ಅಕಾಡೆಮಿ ಪ್ರಶಸ್ತಿ ಕೊಡುವುದರ ಜೊತೆಗೆ ಬ್ರಿಟನ್ನಿನ ಏರ್ಪಾಟಿನಂಥದೊಂದನ್ನು ಒಂದೇ ಒಂದು ಜಿಲ್ಲೆಯಲ್ಲಿ ನಡೆಸಿ ನೋಡಬಹುದು.

ಕುಕನೂರು, ಕನಕಗಿರಿ, ಕಾರಟಗಿ ಸೇರಿ ಜಿಲ್ಲೆಯಲ್ಲಿ ಈಗ ಏಳು ತಾಲ್ಲೂಕುಗಳಿವೆ. ಏಳು ಮಂದಿಯ ಸಂಬಳ ಯಾವ ದೊಡ್ಡ ಪತ್ರಿಕಾ ಸಂಸ್ಥೆಗೂ ಹೊರಲಾರದ ಹೊರೆಯಲ್ಲ. ಚಂದಾ ವಸೂಲಿಗೆ ಏಜೆಂಟ್ ಬಾಗಿಲಿಗೆ ಬಂದಾಗ, ನಮ್ಮ ತಾಲ್ಲೂಕಿನ ವರದಿಗಾರನಿಗೆ ನಿಮ್ಮ ಪತ್ರಿಕೆ ತಿಂಗಳಿಗೆ ಎಷ್ಟು ಕೊಡುತ್ತದೆ ಎಂದು ಓದುಗರು ಕೇಳಬೇಕು, ಉತ್ತರ ಬರುವ ತನಕ ಕೇಳುತ್ತಲೇ ಇರಬೇಕು.